ಎರಡು ದಿನದ ಮೈಸೂರು

(ಬೆಂಗಳೂರಿನ ಒಂದು ಮನೆ. ಶನಿವಾರ ಮಧ್ಯಾಹ್ನ. ಮಕ್ಕಳು ಒಳಗೆ ಮಲಗಿದ್ದಾರೆ. ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಳೆ. ತಂಗಿಯ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ.)

ತಂಗಿ: ಅಕ್ಕಾ, ಮುಂದಿನ ತಿಂಗಳು ಮೈಸೂರಿಗೆ ಹೊರಟಿದ್ದೀವಿ. ಎರಡೇ ದಿನ. ಪಟ್ಟಿ ಮಾಡಿದ್ದೀನಿ, ಒಂದ್ಸಲ ನೋಡು. ನೀವು ಈಚೆಗಷ್ಟೇ ಹೋಗಿ ಬಂದ್ರಲ್ಲ.

ಅಕ್ಕ: ಕೈ ಒದ್ದೆ ಇದೆ. ನೀನೇ ಓದು.

ತಂಗಿ: ಮೊದಲನೇ ದಿನ ಅರಮನೆ, ಮೃಗಾಲಯ, ಕಾರಂಜಿ ಕೆರೆ, ಸಂತ ಫಿಲೋಮಿನಾ ಚರ್ಚು, ಸಂಜೆಗೆ ಬೃಂದಾವನ. ಎರಡನೇ ದಿನ ಚಾಮುಂಡಿ ಬೆಟ್ಟ, ಜಗನ್ಮೋಹನ ಅರಮನೆ, ರೈಲ್ವೆ ಮ್ಯೂಸಿಯಂ, ಬರ್ತಾ ಶ್ರೀರಂಗಪಟ್ಟಣ. ಟೈಮ್ ಸಿಕ್ಕಿದ್ರೆ ಕುವೆಂಪುನಗರದಲ್ಲಿ ನನ್ನ ಗೆಳತಿ ಮನೇಲಿ ಅರ್ಧ ಗಂಟೆ ಕಾಫಿ.

ಅಕ್ಕ: ನಿನ್ನ ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ಈ ಪಟ್ಟಿ ಯಾರಿಗೋಸ್ಕರ ಮಾಡಿದ್ದು?

ತಂಗಿ: ಮಕ್ಕಳಿಗೋಸ್ಕರಾನೇ. ಅಷ್ಟು ದೂರ ಹೋಗಿ ನೋಡದೆ ಬರೋದಾ?

ಅಕ್ಕ: ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ. ಚಿಕ್ಕವನು ಹುಟ್ಟೋಕೆ ಮುಂಚೆ, ದೊಡ್ಡವಳಿಗೆ ಮೂರೂವರೆ ಇದ್ದಾಗ, ಬಾಡಿಗೆ ಕಾರು ಮಾಡ್ಕೊಂಡು ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ಹೋಗಿದ್ವಿ. ಬೆಟ್ಟದ ತಿರುವಿನಲ್ಲಿ ಮಗು ವಾಂತಿ ಮಾಡ್ಕೊಂಡ್ಲು. ಚರ್ಚಿನ ಮುಂದೆ ಬಟ್ಟೆ ಬದಲಾಯಿಸಿದೆ. ಬೃಂದಾವನದಲ್ಲಿ ಹಾಡಿಗೆ ಕಾರಂಜಿ ಕುಣೀತಿದ್ರೆ ಅವಳು ನನ್ನ ಹೆಗಲ ಮೇಲೆ ನಿದ್ದೆ. ಎಬ್ಬಿಸಿ ತೋರಿಸಿದ್ವಿ, ಅತ್ತಳು. ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ರು, ಏನೇನು ನೋಡ್ದೆ ಪುಟ್ಟಾ ಅಂತ. ‘ಕಾರು’ ಅಂದ್ಲು.

ತಂಗಿ: ಪಾಪ.

ಅಕ್ಕ: ಅವಳು ಹೇಳಿದ್ದು ನಿಜವೇ. ಎರಡು ದಿನದಲ್ಲಿ ಹೆಚ್ಚು ಹೊತ್ತು ಇದ್ದದ್ದು ಕಾರಿನ ಒಳಗೇ ತಾನೆ? ಆ ಮಾತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಅದಕ್ಕೇ ಈ ಸಲ ಬೇರೆ ಥರ ಮಾಡಿದ್ವಿ.

ತಂಗಿ: ಬೇರೆ ಥರ ಅಂದ್ರೆ?

ಅಕ್ಕ: ಮೊದಲು ನನ್ನ ಸ್ನೇಹಿತೆಗೆ ಫೋನ್ ಮಾಡಿದೆ. ಮಾನಸಗಂಗೋತ್ರಿಯ ಹಾಸ್ಟೆಲಲ್ಲಿ ಎರಡು ವರ್ಷ ಒಂದೇ ರೂಮಲ್ಲಿ ಇದ್ವಲ್ಲ, ಅವಳೇ. ಈಗ ಸರಸ್ವತಿಪುರಂನಲ್ಲಿದ್ದಾಳೆ. ಅವಳ ಮಗನಿಗೆ ಆರು ವರ್ಷ. ಅವಳ ಮನೇನೇ ಮಧ್ಯದಲ್ಲಿ ಇಟ್ಕೊಂಡ್ವಿ. ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ, ನಡುವೆ ಊಟಕ್ಕೂ ನಿದ್ದೆಗೂ ಮನೆ. ಅಷ್ಟೇ ಲೆಕ್ಕ.

ತಂಗಿ: ಎರಡು ದಿನಕ್ಕೆ ಬರೀ ನಾಲ್ಕು ಜಾಗ!

ಅಕ್ಕ: ಸುಸ್ತಾಗದೆ ನೋಡಿದ ನಾಲ್ಕು ಜಾಗ. ಹೋಗಿದ್ದೂ ಶನಿವಾರ ಅಲ್ಲ, ಭಾನುವಾರ ಬೆಳಿಗ್ಗೆ. ಅರಮನೆಗೆ ದೀಪ ಹಚ್ಚೋದು ಭಾನುವಾರ ಮತ್ತೆ ಸರ್ಕಾರಿ ರಜಾ ದಿನಗಳಲ್ಲಿ, ರಾತ್ರಿ ಏಳು ಗಂಟೆಗೆ. ಶನಿವಾರ ಹೋಗಿ ಭಾನುವಾರ ದೀಪ ನೋಡ್ಕೊಂಡು ಹೊರಟ್ರೆ ಮನೆ ಸೇರೋ ಹೊತ್ತಿಗೆ ಮಧ್ಯರಾತ್ರಿ, ಬೆಳಿಗ್ಗೆ ಸ್ಕೂಲು. ಸೋಮವಾರ ರಜ ಇರೋ ವಾರ ನೋಡಿ ಹೋಗು. ಮಂಗಳವಾರದ ತನಕ ಮಾತ್ರ ಎಳೀಬೇಡ, ಮಂಗಳವಾರ ಮೃಗಾಲಯಕ್ಕೆ ವಾರದ ರಜ. ಗೇಟಿನ ತನಕ ಕರ್ಕೊಂಡು ಹೋಗಿ ಜಿರಾಫೆ ಇವತ್ತು ಇಲ್ಲ ಅಂದ್ರೆ ಆ ಅಳು ನಿಲ್ಲಿಸೋರು ಯಾರು?

ತಂಗಿ: ಕಾರಲ್ಲೇ ಹೋದ್ರಾ?

ಅಕ್ಕ: ಇಲ್ಲ, ರೈಲಲ್ಲಿ. ಹೊಸ ಹೈವೇ ಆದ ಮೇಲೆ ಕಾರು ಬೇಗ ಮುಟ್ಟುತ್ತೆ, ಗೊತ್ತು. ಆದ್ರೆ ರೈಲಲ್ಲಿ ಮಗು ಎದ್ದು ಓಡಾಡಬಹುದು, ಬಾತ್‌ರೂಮ್ ಇರುತ್ತೆ, ಹೊಟ್ಟೆ ತೊಳಸಲ್ಲ. ಐದು ವರ್ಷದ ಒಳಗಿನವರಿಗೆ ಬೇರೆ ಸೀಟು ಕೇಳದಿದ್ರೆ ಟಿಕೆಟ್ಟೂ ಬೇಡ. ಮದ್ದೂರು ಹತ್ತಿರ ಬರ್ತಿದ್ದ ಹಾಗೇ ವಡೆ ಬಂತು. ಮಂಡ್ಯ ದಾಟಿ ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಹೋಗುವಾಗ, ಕಾವೇರಿಗೆ ಕೈ ಮುಗೀರೋ ಅಂದೆ. ಇಬ್ಬರೂ ಮುಗಿದ್ರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸೇತುವೆ. ಚಿಕ್ಕವನು ಕಿಟಕಿ ಸರಳು ಹಿಡ್ಕೊಂಡು ಕೂಗಿದ, ‘ಅಮ್ಮಾ, ಕಾವೇರಿ ಮತ್ತೆ ಬಂದ್ಲು!’

ತಂಗಿ: ಹೌದಲ್ಲ! ಶ್ರೀರಂಗಪಟ್ಟಣ ದ್ವೀಪ. ನದಿ ಎರಡಾಗಿ ಒಡೆದು ಮತ್ತೆ ಸೇರುತ್ತೆ.

ಅಕ್ಕ: ನಾನು ಹಾಸ್ಟೆಲ್ಲಿನಿಂದ ಎಷ್ಟು ಸಲ ಆ ದಾರೀಲಿ ಓಡಾಡಿದ್ದೀನಿ. ಎರಡು ಸೇತುವೆ ಅಂತ ಎಣಿಸಿರಲೇ ಇಲ್ಲ. ಅವನು ಎಣಿಸಿದ.

ತಂಗಿ: ಸರಿ, ನನಗೊಂದು ಅನುಮಾನ ಇದೆ, ಬೇಜಾರು ಮಾಡ್ಕೋಬೇಡ. ಸ್ನೇಹಿತೆ ಮನೆ ಅಂತೀಯಲ್ಲ, ಅವಳಿಗೆಷ್ಟು ಕೆಲಸ ಯೋಚಿಸು. ನಾಲ್ಕು ಜನ ಎರಡು ದಿನ ಅಂದ್ರೆ ಅವಳು ಅಡುಗೆಮನೆಯಿಂದ ಆಚೆ ಬರಲ್ಲ. ನಾವು ಊರು ನೋಡೋದು, ಅವಳು ಪಾತ್ರೆ ನೋಡೋದು. ಅದಕ್ಕೇ ನಾನು ಅರ್ಧ ಗಂಟೆ ಅಂತ ಬರ್ಕೊಂಡಿದ್ದು. ಸಂಕೋಚ ಆಗುತ್ತೆ.

ಅಕ್ಕ: ನೀನು ಹೇಳೋದು ತೆಗೆದುಹಾಕೋ ಮಾತಲ್ಲ. ಮಕ್ಕಳನ್ನು ಕಟ್ಕೊಂಡು ಹೋಗೋ ನೆಂಟರು ಎರಡು ಪಟ್ಟು ನೆಂಟರು. ಅದಕ್ಕೇ ಫೋನಲ್ಲೇ ಮಾತಾಡ್ಕೊಂಡ್ವಿ. ಒಂದು ಹೊತ್ತಿನ ಅಡುಗೆ ನಂದು, ಸೋಮವಾರದ ತಿಂಡಿ ಹೋಟೆಲಿಂದ, ರಾತ್ರಿ ಪಾತ್ರೆ ಗಂಡಸರದ್ದು. ಚಿಕ್ಕವನು ಒಂದೊಂದು ಸಲ ಹಾಸಿಗೆ ಒದ್ದೆ ಮಾಡ್ತಾನೆ, ರಬ್ಬರ್ ಶೀಟು ನಾನೇ ತಗೊಂಡು ಹೋದೆ. ಹಾಲು ಕುಡಿಯೋ ಲೋಟ, ಜ್ವರದ ಔಷಧಿ, ಇಬ್ಬರಿಗೂ ಒಂದೊಂದು ಟವೆಲ್. ಆ ಮನೇಲಿ ಕೇಳಿ ಪಡೆಯೋದು ಜಾಗ ಮತ್ತೆ ಜೊತೆ, ಅಷ್ಟೇ ಇರಬೇಕು.

ತಂಗಿ: ಅವಳನ್ನೂ ಅರಮನೆಗೆ ಎಳ್ಕೊಂಡು ಹೋದ್ರಾ? ಮೈಸೂರಿನವರಿಗೆ ಬಂದ ನೆಂಟರಿಗೆಲ್ಲ ಅರಮನೆ ತೋರಿಸಿ ತೋರಿಸಿ ಸಾಕಾಗಿರುತ್ತೆ.

ಅಕ್ಕ: ನಾನೂ ಹಾಗೇ ಅಂದ್ಕೊಂಡು, ನೀನು ಮನೇಲಿರು ಅಂದೆ. ಅವಳು ಏನಂದ್ಲು ಗೊತ್ತಾ? ‘ನನ್ನ ಮಗ ಹುಟ್ಟಿದಾಗಿಂದ ದಿನಾ ಅರಮನೆ ಗೋಡೆ ಪಕ್ಕ ಓಡಾಡ್ತಾನೆ, ಒಳಗೆ ಒಂದ್ಸಲಾನೂ ಹೋಗಿಲ್ಲ, ನಾವೂ ಬರ್ತೀವಿ.’ ಊರಲ್ಲೇ ಇರೋರಿಗೆ ಊರು ನೋಡೋಕೆ ನೆಂಟರು ಬರಬೇಕು.

ತಂಗಿ: ಅರಮನೇಲಿ ಮಕ್ಕಳು ಸುಮ್ಮನೆ ಇದ್ರಾ? ಅಲ್ಲಿ ಜನ ಅಂದ್ರೆ ಜನ.

ಅಕ್ಕ: ನಾಲ್ಕು ಗಂಟೆಗೆ ಹೋದ್ವಿ, ಮಧ್ಯಾಹ್ನದ ನಿದ್ದೆ ಮುಗಿಸಿ. ಚಪ್ಪಲಿ ಹೊರಗೆ ಬಿಡಬೇಕಲ್ಲ, ಬರಿಗಾಲಿಗೆ ನೆಲ ತಣ್ಣಗೆ ಸಿಕ್ಕಿದ್ದೇ ಮೂರೂ ಜನಕ್ಕೆ ಖುಷಿ. ಮೊದಲು ಸಿಗೋದೇ ಗೊಂಬೆ ತೊಟ್ಟಿ. ಆಮೇಲೆ ಕಲ್ಯಾಣ ಮಂಟಪ. ಎಂಟು ಮೂಲೆಯ ಹಾಲ್, ಮೇಲೆ ಬಣ್ಣದ ಗಾಜಲ್ಲಿ ನವಿಲು, ಕೆಳಗೆ ನೆಲದ ಹಾಸಲ್ಲೂ ನವಿಲು. ‘ಮೇಲಿನ ನವಿಲಿನ ನೆರಳು ಕೆಳಗೆ ಬಿದ್ದಿದೆ’ ಅಂದ್ಲು ಮಗಳು. ಗೋಡೆ ಸುತ್ತ ದಸರಾ ಮೆರವಣಿಗೆಯ ಚಿತ್ರಗಳು. ಒಬ್ಬರಿಗೆ ಆನೆ ಎಣಿಸೋ ಕೆಲಸ, ಒಬ್ಬರಿಗೆ ಕುದುರೆ ಎಣಿಸೋ ಕೆಲಸ ಕೊಟ್ವಿ. ಚಿಕ್ಕವನು ಅಪ್ಪನ ಹೆಗಲೇರಿದ. ಒಂದು ಗಂಟೆಯೊಳಗೆ ಹೊರಗೆ ಬಂದ್ವಿ. ದರ್ಬಾರ್ ಹಾಲಲ್ಲಿ ನಿಂತು ಪ್ರತಿ ಕಂಬ ನೋಡಬೇಕು ಅಂತ ನನಗೆ ಆಸೆ ಇತ್ತು. ಬಿಟ್ಟುಬಿಟ್ಟೆ.

ತಂಗಿ: ಅಲ್ಲೇ ನನ್ನ ತಕರಾರು ಅಕ್ಕಾ. ನವಿಲು, ಕುದುರೆ ಎಲ್ಲಾ ಸರಿ. ಆದ್ರೆ ಅದು ಬರೀ ಚಂದದ ಮನೆಯಾ? ಅದಕ್ಕೊಂದು ಇತಿಹಾಸ ಇದೆ. ಮಕ್ಕಳು ಚಿಕ್ಕವರು ಅಂತ ಏನೂ ಹೇಳದೆ ಕರ್ಕೊಂಡು ಬರೋದು ಅವರಿಗೆ ಮಾಡೋ ಮೋಸ ಅಲ್ವಾ?

ಅಕ್ಕ: ಏನೂ ಹೇಳಲಿಲ್ಲ ಅಂದವರು ಯಾರು? ಹೇಳಿದ್ವಿ. ರಾಜರ ಹೆಸರಿನ ಸಾಲು ಹೇಳಲಿಲ್ಲ, ಒಂದು ಮನೆ ಕಥೆ ಹೇಳಿದ್ವಿ. ಕೇಳು, ಹೇಗೆ ಹೇಳಿದ್ವಿ ಅಂತ. ‘ಒಬ್ಬ ಅಪ್ಪ ಇದ್ದರು, ಚಾಮರಾಜೇಂದ್ರ ಒಡೆಯರು. 1892ರಲ್ಲಿ ತಮ್ಮ ಬೇಸಿಗೆ ಅರಮನೆಯ ತೋಟದಲ್ಲಿ ಪ್ರಾಣಿಗಳನ್ನು ಸಾಕೋಕೆ ಜಾಗ ಮಾಡಿದ್ರು. ಅದೇ ನಾಳೆ ನಾವು ಹೋಗೋ ಮೃಗಾಲಯ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ್ರು. ಮಗ ಕೃಷ್ಣರಾಜ ಇನ್ನೂ ಚಿಕ್ಕವನು, ಹತ್ತು ವರ್ಷ. ಅವನು ದೊಡ್ಡವನಾಗೋ ತನಕ ಅಮ್ಮನೇ ರಾಜ್ಯ ನೋಡ್ಕೊಂಡ್ರು. ಅಮ್ಮನ ಹೆಸರು ಕೆಂಪನಂಜಮ್ಮಣ್ಣಿ. 1897ರಲ್ಲಿ ಅಕ್ಕನ ಮದುವೆ. ಆಗಿನ ಅರಮನೆ ಮರದ್ದು. ಮದುವೆ ಸಮಯದಲ್ಲೇ ಬೆಂಕಿ ಬಿತ್ತು, ಮನೆ ಸುಟ್ಟುಹೋಯ್ತು. ಅಮ್ಮ ಹೆದರಿ ಕೂರಲಿಲ್ಲ, ಹೆನ್ರಿ ಇರ್ವಿನ್ ಅನ್ನೋ ಇಂಜಿನಿಯರನ್ನು ಕರೆಸಿ ಹೊಸ ಮನೆ ಶುರು ಮಾಡಿಸಿದ್ರು. ಮುಗಿಯೋ ಹೊತ್ತಿಗೆ 1912. ಅದೇ ಈ ಮನೆ.’

ತಂಗಿ: ಹೀಗೆ ನಾನು ಯಾವತ್ತೂ ಜೋಡಿಸಿ ನೋಡಿರಲಿಲ್ಲ. ಮೃಗಾಲಯ ಬೇರೆ, ಅರಮನೆ ಬೇರೆ ಅಂತಲೇ ಇದ್ದೆ.

ಅಕ್ಕ: ಪಟ್ಟಿಯಲ್ಲಿ ಬೇರೆ ಬೇರೆ ಸಾಲಲ್ಲಿ ಬರೆದ್ರೆ ಹಾಗೇ ಕಾಣೋದು. ನಮ್ಮ ಮಗಳು ಅದನ್ನು ಹಿಡ್ಕೊಂಡ್ಲು ನೋಡು. ‘ಆ ಹುಡುಗ ಎಲ್ಲಿ ಮಲಗ್ತಿದ್ದ? ಅಕ್ಕನ ಮದುವೆ ನಿಂತುಹೋಯ್ತಾ? ಅಮ್ಮ ಅತ್ತರಾ?’ ಒಂದೊಂದು ಪ್ರಶ್ನೆಗೂ ನಾನು ಯೋಚಿಸಿ ಉತ್ತರ ಹೇಳಬೇಕಾಯ್ತು. ಏಳು ವರ್ಷದ ಮಗುವಿಗೆ ಇತಿಹಾಸ ಅಂದ್ರೆ ಅದೇ. ಇಸವಿ ಮರೀಬಹುದು, ಮನೆ ಸುಟ್ಟ ಹುಡುಗನನ್ನು ಮರೆಯಲ್ಲ.

ತಂಗಿ: ದೀಪ ಏಳಕ್ಕೆ ಅಂದೆ. ಅರಮನೆ ಐದೂವರೆಗೆ ಮುಚ್ತಾರೆ. ನಡುವೆ ಒಂದೂವರೆ ಗಂಟೆ ಏನು ಮಾಡಿದ್ರಿ ಮೂರು ಮಕ್ಕಳನ್ನು ಇಟ್ಕೊಂಡು?

ಅಕ್ಕ: ದೇವರಾಜ ಮಾರುಕಟ್ಟೆ. ಅರಮನೆಯಿಂದ ಮೆಲ್ಲಗೆ ನಡ್ಕೊಂಡು ಹೋಗಬಹುದು. ಗೋಪುರದ ಹಾಗೆ ಪೇರಿಸಿದ ಕುಂಕುಮ, ಒಂದರ ಮೇಲೊಂದು ಜೋಡಿಸಿದ ವೀಳ್ಯದೆಲೆ ಕಟ್ಟು, ನಂಜನಗೂಡು ರಸಬಾಳೆಯ ವಾಸನೆ. ಹೂವಿನ ಸಾಲಲ್ಲಿ ಒಬ್ಬರು ವಯಸ್ಸಾದ ಹೆಂಗಸು ಮೊಗ್ಗಿನ ಮಾಲೆಯನ್ನು ಮೊಳಕ್ಕೆ ಅಳೀತಿದ್ರು. ಮೊಣಕೈಯಿಂದ ಬೆರಳ ತುದಿ ತನಕ, ಒಂದು, ಎರಡು. ಮಗಳು ನೋಡ್ತಾ ನೋಡ್ತಾ ತನ್ನ ಕೈ ಚಾಚಿದ್ಲು. ‘ಅಜ್ಜಿ, ನನ್ನ ಕೈಯಲ್ಲಿ ಅಳೆದ್ರೆ ಕಡಿಮೆ ಬರುತ್ತಲ್ಲಾ?’ ಆಯಮ್ಮ ಮಾಲೆ ಕೆಳಗಿಟ್ರು, ಅವಳ ಮೊಣಕೈ ತಮ್ಮ ಮೊಣಕೈ ಪಕ್ಕ ಇಟ್ಕೊಂಡ್ರು. ನಾಲ್ಕು ಬೆರಳಿಗಿಂತ ಹೆಚ್ಚೇ ವ್ಯತ್ಯಾಸ. ‘ನಿನ್ನ ಮೊಳಕ್ಕೊಂದು ತಗೋ ಮಗಾ’ ಅಂತ ಅಷ್ಟನ್ನು ಕತ್ತರಿಸಿ ಅವಳ ಜಡೆಗೇ ಮುಡಿಸಿದ್ರು. ದುಡ್ಡು ಕೊಡಕ್ಕೆ ಹೋದ್ರೆ ನಾವು ಕೊಂಡ ಮೊಳದ್ದು ಮಾತ್ರ ತಗೊಂಡ್ರು.

ತಂಗಿ: ನನ್ನ ಪಟ್ಟೀಲಿ ಮಾರುಕಟ್ಟೆ ಇಲ್ಲವೇ ಇಲ್ಲ.

ಅಕ್ಕ: ನನ್ನ ಹಳೇ ಪಟ್ಟೀಲೂ ಇರಲಿಲ್ಲ. ಹೊತ್ತು ಕಳೆಯೋಕೆ ಹೋದ ಜಾಗ ಅದು. ಆಮೇಲೆ ಕಾಗದದ ಪೊಟ್ಟಣದಲ್ಲಿ ಚುರುಮುರಿ ಹಿಡ್ಕೊಂಡು ಬಂದು ಅರಮನೆ ಮುಂದೆ ಕೂತ್ವಿ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ತು. ಸುತ್ತ ಇದ್ದ ಜನ ಎಲ್ಲಾ ‘ಓ’ ಅಂದ್ರು. ಚಿಕ್ಕವನು ಒಂದು ಕ್ಷಣ ನೋಡಿ, ನನ್ನ ಸೆರಗು ಹಿಡ್ಕೊಂಡು ‘ಮತ್ತೆ ಬೆಂಕಿ ಬಿತ್ತಾ?’ ಅಂದ. ಅವನು ಕಥೆ ಕೇಳಿಸ್ಕೊಂಡಿದ್ದಾನೆ ಅಂತ ನನಗೆ ಆಗಲೇ ಗೊತ್ತಾಗಿದ್ದು. ಎತ್ಕೊಂಡು ಹೇಳಿದೆ, ‘ಇಲ್ಲ ಮರಿ, ಇದು ದೀಪ. ಮನೆ ಗಟ್ಟಿಯಾಗಿದೆ.’

ತಂಗಿ: ಸೋಮವಾರ ಮೃಗಾಲಯ?

ಅಕ್ಕ: ಎಂಟೂವರೆಗೆ ಬಾಗಿಲು ತೆಗೀತಾರೆ, ಆ ಹೊತ್ತಿಗೇ ನಿಂತಿದ್ವಿ. ಬೆಳಿಗ್ಗೆ ತಂಪಿರುತ್ತೆ, ಪ್ರಾಣಿಗಳೂ ಎದ್ದು ಓಡಾಡ್ತಿರ್ತವೆ. ಪ್ಲಾಸ್ಟಿಕ್ ವಿಷಯದಲ್ಲಿ ಕಟ್ಟುನಿಟ್ಟು, ನೀರಿಗೆ ಸ್ಟೀಲ್ ಬಾಟಲಿ ತಗೊಂಡು ಹೋಗು. ಪೂರ್ತಿ ಸುತ್ತೋಕೆ ದೊಡ್ಡವರಿಗೇ ಮೂರು ಗಂಟೆ ಹಿಡಿಯುತ್ತೆ. ಎರಡೂವರೆ ವರ್ಷದ ಕಾಲು ಅದನ್ನು ನಡೆಯಲ್ಲ. ಬ್ಯಾಟರಿ ಗಾಡಿ ಇದೆ, ಕೇಳು. ನಾವು ಜಿರಾಫೆ, ಆನೆ, ಹುಲಿ ಅಂತ ಮೂರು ಹೆಸರು ಮಕ್ಕಳ ಹತ್ರಾನೇ ಆರಿಸಿದ್ವಿ. ಅಷ್ಟು ನೋಡಿ, ದಾರೀಲಿ ಸಿಕ್ಕಿದ್ದು ನೋಡಿ, ಹನ್ನೊಂದಕ್ಕೆಲ್ಲ ಹೊರಟ್ವಿ. ಪಕ್ಕದಲ್ಲೇ ಕಾರಂಜಿ ಕೆರೆ ಇದೆ, ಮನಸ್ಸು ಎಳೆಯುತ್ತೆ. ಹೋಗಲಿಲ್ಲ.

ತಂಗಿ: ಮಧ್ಯಾಹ್ನ ಮನೆ, ನಿದ್ದೆ.

ಅಕ್ಕ: ನಿದ್ದೆ ಅವರದ್ದು, ಮಾತು ನಮ್ಮದು. ಹಾಸ್ಟೆಲಲ್ಲಿ ಇದ್ದ ಹಾಗೆ ಅವಳೂ ನಾನೂ ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗಿದ್ವಿ. ಅವಳ ಅಪ್ಪ ಹೋದಾಗ ನಾನು ಬರೋಕಾಗಿರಲಿಲ್ಲ. ಫೋನಲ್ಲಿ ಎರಡು ಮಾತಾಡಿದ್ದಷ್ಟೇ. ಅವತ್ತು ಅವಳು ಅದೆಲ್ಲ ಹೇಳ್ಕೊಂಡ್ಲು, ನಾನು ಕೇಳಿದೆ. ಅರ್ಧ ಗಂಟೆ ಕಾಫಿಯಲ್ಲಿ ಆ ಮಾತು ಬಾಯಿಗೆ ಬರಲ್ಲ ಕಣೇ. ಮೊದಲ ಅರ್ಧ ಗಂಟೆ ಮಕ್ಕಳು ಬೆಳೆದಿದ್ದಾರೆ, ನೀನು ದಪ್ಪ ಆಗಿದ್ದೀಯ ಅನ್ನೋದರಲ್ಲೇ ಹೋಗುತ್ತೆ.

ತಂಗಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮಕ್ಕಳು ಜಗಳ ಆಡಲಿಲ್ವಾ?

ಅಕ್ಕ: ಆಡದೆ ಇರ್ತಾರಾ? ಬಂದ ಒಂದು ಗಂಟೆಯಲ್ಲೇ ಸೈಕಲ್ಲಿಗೆ ಹೊಡೆದಾಟ. ಅವಳ ಮಗನ ಕೈಗೆ ನಮ್ಮ ಚಿಕ್ಕವನು ಕಚ್ಚಿಬಿಟ್ಟ, ಹಲ್ಲಿನ ಗುರುತು ಮೂಡಿತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅವಳು ತಣ್ಣೀರು ಬಟ್ಟೆ ಹಿಡಿದು, ‘ನಾವಿಬ್ರೂ ಬಕೆಟ್ಟಿಗೆ ಜಗಳ ಆಡಿದ್ದು ಮರೆತ್ಯಾ’ ಅಂದ್ಲು. ಸಂಜೆ ಹೊತ್ತಿಗೆ ಕಚ್ಚಿಸ್ಕೊಂಡವನೇ ಕಚ್ಚಿದವನನ್ನು ಸೈಕಲ್ ಹಿಂದೆ ಕೂರಿಸ್ಕೊಂಡು ತಳ್ತಿದ್ದ. ಹೋಟೆಲ್ ರೂಮಲ್ಲಿ ಉಳಿದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ, ಜಗಳಾನೂ ಇಲ್ಲ, ರಾಜಿನೂ ಇಲ್ಲ.

ತಂಗಿ: ನಾಲ್ಕು ಜಾಗ ಅಂದೆ. ಅರಮನೆ, ಮಾರುಕಟ್ಟೆ, ಮೃಗಾಲಯ. ಇನ್ನೊಂದು?

ಅಕ್ಕ: ನಮ್ಮ ಗಂಗೋತ್ರಿ. ಸೋಮವಾರ ನಾಲ್ಕು ಗಂಟೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡ್ಕೊಂಡು ಹೋದ್ವಿ. ಹೆಜ್ಜಾರ್ಲೆಗಳು ನೀರಿಗೆ ಇಳೀತಿದ್ವು. ಓದೋ ಕಾಲದಲ್ಲಿ ಪರೀಕ್ಷೆ ಹಿಂದಿನ ದಿನ ನಾವಿಬ್ಬರೂ ನಡೀತಿದ್ದ ದಾರಿ. ಕ್ಯಾಂಪಸ್ಸಿನ ಒಳಗೆ ದೊಡ್ಡ ಬಿಳಿ ಕಂಬಗಳ ಮನೆ ಇದೆಯಲ್ಲ, ಜಯಲಕ್ಷ್ಮಿ ವಿಲಾಸ, ಜಾನಪದ ವಸ್ತು ಸಂಗ್ರಹಾಲಯ ಮಾಡಿದ್ದು, ಅದರ ಮುಂದೆ ನಿಲ್ಲಿಸಿ ಮಗಳಿಗೆ ಹೇಳಿದೆ. ‘ಮದುವೇಲಿ ಬೆಂಕಿ ಬಿತ್ತಲ್ಲ, ಆ ಅಕ್ಕ ಜಯಲಕ್ಷಮ್ಮಣ್ಣಿ. ಅವರಿಗೋಸ್ಕರ 1905ರಲ್ಲಿ ಕಟ್ಟಿಸಿದ ಮನೆ ಇದು.’

ತಂಗಿ: ಅಯ್ಯೋ! ಅದೇ ಅಕ್ಕನಾ?

ಅಕ್ಕ: ಅದೇ ಅಕ್ಕ. ಅಲ್ಲಿಗೆ ಕಥೆ ಪೂರ್ತಿ ಆಯ್ತು. ಅಪ್ಪನ ಮೃಗಾಲಯ, ಅಮ್ಮ ಕಟ್ಟಿಸಿದ ಅರಮನೆ, ಅಕ್ಕನ ಮನೆ. ಆ ಅಕ್ಕನ ಒಬ್ಬ ತಂಗಿ ಚೆಲುವಾಂಬೆಯವರ ಮನೆ ಈಗ ಸಿಎಫ್‌ಟಿಆರ್‌ಐ, ಆಟೋದಲ್ಲಿ ಬರುವಾಗ ಗೇಟು ತೋರಿಸಿದ್ವಿ. ಮಗಳು ಮೆಟ್ಟಿಲ ಹತ್ರ ನಿಂತು ಯೋಚಿಸಿ ಕೇಳಿದ್ಲು, ‘ಅಮ್ಮಾ, ನೀನೂ ಆಂಟಿನೂ ಈ ಅಕ್ಕನ ಮನೆ ಪಕ್ಕದಲ್ಲಿ ಇದ್ರಾ? ಹಾಗಾದ್ರೆ ಆಂಟಿ ನಿನಗೇನಾಗಬೇಕು?’ ನಾನು ಬಾಯಿ ತೆಗೆಯೋಕೆ ಮುಂಚೆ ಸ್ನೇಹಿತೆ ಅಂದ್ಲು, ‘ಅಕ್ಕನೋ ತಂಗಿನೋ ಇನ್ನೂ ತೀರ್ಮಾನ ಆಗಿಲ್ಲ.’

ತಂಗಿ: ನಿನ್ನ ಚಿಕ್ಕವನಿಗೆ ಮೂರೇ ವರ್ಷ. ದೊಡ್ಡವನಾದ ಮೇಲೆ ಇದರಲ್ಲಿ ಒಂದೂ ನೆನಪಿರಲ್ಲ ಅಲ್ವಾ? ಹಾಗಿದ್ರೆ ಇಷ್ಟೆಲ್ಲಾ ಯಾಕೆ ಅಂತಾನೂ ಅನ್ನಿಸುತ್ತೆ.

ಅಕ್ಕ: ನೆನಪಿರಲ್ಲ, ಒಪ್ತೀನಿ. ಆದ್ರೆ ಬಳಕೆ ಉಳಿಯುತ್ತೆ. ಈಗ ವಾರಕ್ಕೊಂದು ಸಲ ಅವಳ ಮಗನೂ ಇವರಿಬ್ಬರೂ ಫೋನಲ್ಲಿ ಮಾತಾಡ್ತಾರೆ. ದಸರಾ ರಜಕ್ಕೆ ಅವನು ಇಲ್ಲಿಗೆ ಬರ್ತಾನೆ. ನಮ್ಮ ಚಿಕ್ಕವನಿಗೆ ಮೈಸೂರು ಅಂದ್ರೆ ಒಂದು ಸೈಕಲ್ಲಿರೋ ಮನೆ. ಆ ಮನೆಗೆ ಹತ್ತು ಸಲ ಹೋದ್ರೆ ಬೆಟ್ಟ, ಬೃಂದಾವನ, ಚರ್ಚು ಎಲ್ಲಾ ಒಂದೊಂದಾಗಿ ತಾವೇ ಬರ್ತವೆ. ಮತ್ತೆ ಹೋಗೋಕೆ ಒಂದು ಮನೆ ಇದ್ದಾಗ ಒಂದೇ ಸಲಕ್ಕೆ ಊರೆಲ್ಲಾ ಮುಗಿಸೋ ಆತುರ ಇರಲ್ಲ. ನಮ್ಮಪ್ಪನ ಸ್ನೇಹಿತರ ಮನೆ ಅರಸೀಕೆರೇಲಿ ಇತ್ತಲ್ಲ, ನಿನಗೆ ಅಲ್ಲಿ ಏನು ನೆನಪಿದೆ?

ತಂಗಿ: ಹಿತ್ತಲಿನ ಬಾವಿ. ರಾಟೆ ಶಬ್ದ. ಆ ಮನೆ ಅತ್ತೆ ನನಗೆ ಜಡೆ ಹಾಕ್ತಿದ್ದದ್ದು.

ಅಕ್ಕ: ಅರಸೀಕೆರೆಯ ಹಳೇ ಹೊಯ್ಸಳ ದೇವಸ್ಥಾನ? ಅದನ್ನೂ ತೋರಿಸಿದ್ರು.

ತಂಗಿ: ಅದು ದೊಡ್ಡವಳಾದ ಮೇಲೆ ಹೋದಾಗ ಗೊತ್ತಾಯ್ತು. ಅತ್ತೆ ಜೊತೇಲೇ ಹೋಗಿದ್ದೆ.

ಅಕ್ಕ: ನೋಡು ಮತ್ತೆ.

ತಂಗಿ: ಆದ್ರೆ ಅಕ್ಕಾ, ಊರೂರಲ್ಲೂ ಎಲ್ಲರಿಗೂ ಸ್ನೇಹಿತರಿರಲ್ಲ. ಹೋಟೆಲಲ್ಲೇ ಉಳಿಯೋರೂ ಇದ್ದಾರೆ. ಅವರಿಗೆ ನಿನ್ನ ಲೆಕ್ಕ ಹೇಗೆ ಹೊಂದುತ್ತೆ?

ಅಕ್ಕ: ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಆದ್ರೂ ಅರ್ಧ ಲೆಕ್ಕ ಅವರಿಗೂ ನಡೆಯುತ್ತೆ. ನೋಡೋ ಜಾಗಕ್ಕೆ ಹತ್ತಿರದ ರೂಮು, ಮಧ್ಯಾಹ್ನ ತಿರುಗಿ ಬಂದು ಮಲಗೋದು, ಜಾಗಗಳನ್ನೆಲ್ಲ ಹೊಲಿಯೋಕೆ ಒಂದು ಕಥೆ. ಇನ್ನರ್ಧಕ್ಕೆ ಹೂವಿನ ಅಜ್ಜಿಯಂಥವರು ಸಿಗಬೇಕು. ಆತುರ ಇಲ್ಲದಿದ್ರೆ ಸಿಗ್ತಾರೆ. ನಿನಗೆ ಆ ಕಷ್ಟ ಇಲ್ಲವಲ್ಲ. ಕುವೆಂಪುನಗರದಲ್ಲಿ ಒಬ್ಬಳು ಕಾಯ್ತಿದ್ದಾಳೆ, ಅವಳನ್ನು ನೀನು ಪಟ್ಟಿಯ ಕೊನೇ ಸಾಲಿಗೆ ಹಾಕಿದ್ದೀಯ.

ತಂಗಿ: ಅವಳ ಮನೆಗೆ ಹೋಗಿ ಎಂಟು ವರ್ಷ ಆಯ್ತು. ಅವಳ ಮಗಳನ್ನು ನಾನು ನೋಡೇ ಇಲ್ಲ. ಈಗ ಇದ್ದಕ್ಕಿದ್ದ ಹಾಗೆ ಫೋನ್ ಮಾಡಿ ಎರಡು ದಿನ ಇರ್ತೀವಿ ಅಂದ್ರೆ ಏನಂದ್ಕೊಳ್ತಾಳೋ.

ಅಕ್ಕ: ಮಕ್ಕಳು ಏನು ತಿಂತಾರೆ ಅಂತ ಕೇಳ್ತಾಳೆ. ಎಲ್ಲಾ ತಿಂತಾರೆ ಅನ್ನಬೇಡ, ನಿಜ ಹೇಳು.

ತಂಗಿ: ಚಿಕ್ಕವನು ಮೊಸರನ್ನ ಬಿಟ್ಟು ಬೇರೆ ಮುಟ್ಟಲ್ಲ.

ಅಕ್ಕ: ಅದನ್ನೇ ಹೇಳು. ಹಾಳೆ ಇಲ್ಲಿ ಕೊಡು, ಹುರುಳಿಕಾಯಿ ನಾರು ಹಾಕ್ತೀನಿ. ನೀನು ಫೋನ್ ತಗೋ, ಮಕ್ಕಳು ಏಳೋಕೆ ಇನ್ನೂ ಹೊತ್ತಿದೆ.